ಹದಿನೆಂಟು ತುಂಬಿದವಳು

ಮನೆಯಿಂದ,
ಹನ್ನೆರಡನೇ ತಾರೀಖು, ಗುರುವಾರ

ಮುದ್ದಿನ ಚಿನಕುರುಳಿಗೆ ಅಜ್ಜಿಯ ಆಶೀರ್ವಾದಗಳು.

ಹೇಗಿದ್ದೀಯೇ? ‘ಚೆನ್ನಾಗಿದ್ದೇನೆ’ ಎಂದು ಒಂದೇ ಪದ ಬರೆದು ನುಣುಚಿಕೊಳ್ಳಬೇಡ. ಎಡಗಾಲಿನ ಹೆಬ್ಬೆರಳು ಅಲ್ಲಾಡಿತು ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ನೀನಾಗಿ ಅಲ್ಲಾಡಿಸಿದೆಯೋ, ವ್ಯಾಯಾಮ ಮಾಡಿಸುವ ಅಕ್ಕ ಹಿಡಿದು ಅಲ್ಲಾಡಿಸಿದಳೋ, ಅದನ್ನು ಬರೆಯಲೇ ಇಲ್ಲ. ನಿನ್ನ ಅಮ್ಮ ಆ ಒಂದು ಸಾಲನ್ನು ನನ್ನ ಕೈಲಿ ನಾಲ್ಕು ಸಲ ಓದಿಸಿದಳು. ಊಟ ಸೇರುತ್ತಿದೆಯೇ? ಆಸ್ಪತ್ರೆಯದು ಸಪ್ಪೆ ಎಂದು ತಟ್ಟೆ ತಳ್ಳಬೇಡ. ಮನೆಯಲ್ಲಿ ನನ್ನ ಅಡುಗೆಗೂ ಮುಖ ಸಿಂಡರಿಸುತ್ತಿದ್ದವಳೇ ನೀನು. ಅಂದಹಾಗೆ ನಿನ್ನ ಕಾಗದದಲ್ಲಿ ಏಳು ತಪ್ಪು. ‘ಗಾಲಿಕುರ್ಚಿ’ ಒಂದನ್ನು ಮಾತ್ರ ಎಲ್ಲ ಕಡೆಯೂ ಸರಿಯಾಗಿ ಬರೆದಿದ್ದೀಯ. ಅದನ್ನು ನೋಡಿ ಕೆಂಪು ಪೆನ್ನು ಕೆಳಗಿಟ್ಟೆ.

ಇಲ್ಲಿ ನಾವಿಬ್ಬರೂ ಇದ್ದೇವೆ, ಅಷ್ಟೇ. ನಿನ್ನ ಅಮ್ಮ ಬೆಳಿಗ್ಗೆ ಆರಕ್ಕೆ ಲಾಂಡ್ರಿಗೆ ಹೋದರೆ ಸಂಜೆಯವರೆಗೂ ನಿಂತೇ ಹೋಟೆಲುಗಳ ಚಾದರ ಇಸ್ತ್ರಿ ಮಾಡುತ್ತಾಳೆ. ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನೆಲಮಹಡಿಯಲ್ಲಿ ಮನೆ ಖಾಲಿ ಇದೆಯೇ ಎಂದು ಕೇಳುತ್ತಾಳೆ. ನಮ್ಮದು ಮೂರನೇ ಮಹಡಿ, ಐವತ್ತೆರಡು ಮೆಟ್ಟಿಲು. ನೀನು ಬಂದಮೇಲೆ ಹತ್ತಿಸುವುದು ಹೇಗೆ ಎಂಬ ಯೋಚನೆ ಅವಳಿಗೆ. ಒಂದೇ ಉಸಿರಿಗೆ ಓಡಿ ಹತ್ತಿ ಬಾಗಿಲು ದಬದಬ ಬಡಿಯುತ್ತಿದ್ದೆಯಲ್ಲ, ಬಾಗಿಲು ಮುರೀತೀಯಾ ಎಂದು ನಾನು ಬೈಯುತ್ತಿದ್ದೆ. ಈಗ ಯಾರೂ ಬಡಿಯುವುದಿಲ್ಲ.

ಮೊನ್ನೆ ನಿಮ್ಮ ವಕೀಲಮ್ಮ ಬಂದಿದ್ದಳು. ವಯಸ್ಸು ಚಿಕ್ಕದು, ಮಾತು ಚುರುಕು, ಬ್ಯಾಗಿನ ತುಂಬ ಕಾಗದ. ಅವಳು ಹೇಳಿದ್ದನ್ನು ನಿನಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ, ಆಕಳಿಸದೆ ಓದು. ದೇಶದೇಶಗಳು ಕೂತು ಸಹಿ ಹಾಕಿದ ಒಪ್ಪಂದಗಳಿವೆಯಂತೆ. ಹದಿನೆಂಟು ತುಂಬುವವರೆಗೂ ಮಗು ಮಗುವೇ, ವಿಷದ ಕೆಲಸಕ್ಕೆ ಮಗುವನ್ನು ಹಚ್ಚುವ ಹಾಗಿಲ್ಲ ಎಂದು ಅದರಲ್ಲಿದೆ. ಬೂಟಿನ ಮೇಲೆ ಹೆಸರು ಹಾಕಿಕೊಳ್ಳುವ ದೊಡ್ಡ ಕಂಪನಿ ಸಮುದ್ರದಾಚೆ ಇದೆ ನೋಡು, ಅದು ಇಷ್ಟು ದಿನ ಕಾರ್ಖಾನೆ ನಮ್ಮದಲ್ಲ, ಅಲ್ಲಿ ಏನಾಯಿತೋ ನಮಗೇನು ಗೊತ್ತು ಎಂದು ಕೈ ತೊಳೆದುಕೊಳ್ಳುತ್ತಿತ್ತು. ಹೆಸರು ಅವರದಂತೆ, ನಿನ್ನ ಕಾಲು ತಿಂದ ಅಂಟು ಅವರದಲ್ಲವಂತೆ! ಅವರ ದೇಶದ ನ್ಯಾಯಾಲಯ ಮಾತ್ರ ಆ ಮಾತು ಒಪ್ಪಿಲ್ಲ. ಮಕ್ಕಳು ಅಂತ ಗೊತ್ತಿದ್ದೂ ಬಿಟ್ಟಿದ್ದರೆ ನೀವೇ ಹೊಣೆ ಎಂದಿದೆ. ಹೊಣೆ ಎಂದಾದರೆ ನಿನ್ನ ಮತ್ತು ಉಳಿದ ಹನ್ನೊಂದು ಹುಡುಗಿಯರ ಚಿಕಿತ್ಸೆ ಜೀವನಪೂರ್ತಿ ಅವರ ಮೇಲೆ. ಅಲ್ಲ ಎಂದಾದರೆ ಈ ತಿಂಗಳ ಕೊನೆಗೆ ನಿಮ್ಮನ್ನೆಲ್ಲ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ.

ಆ ಅಂಟು ಕೋಣೆಯನ್ನು ನಾನು ಒಂದೇ ಸಲ ನೋಡಿದ್ದು. ನೀನು ಬುತ್ತಿ ಮರೆತು ಹೋಗಿದ್ದ ದಿನ ತಂದುಕೊಟ್ಟೆ. ಬೂಟಿಗೆ ಧೂಳು ಕೂರಬಾರದೆಂದು ಕಿಟಕಿಗಳನ್ನೆಲ್ಲ ಮೊಳೆ ಹೊಡೆದು ಮುಚ್ಚಿದ್ದರು. ಬಾಗಿಲಲ್ಲಿ ಎರಡು ನಿಮಿಷ ನಿಂತಿದ್ದಕ್ಕೇ ನನಗೆ ತಲೆ ಸುತ್ತಿತು. ನೀವೆಲ್ಲ ಬರಿಗೈಯಲ್ಲಿ ಬ್ರಷ್ ಅದ್ದಿ ಅದ್ದಿ ಪುಟಾಣಿ ಬೂಟುಗಳ ಅಟ್ಟೆಗೆ ಹಚ್ಚುತ್ತ ಕೂತಿದ್ದಿರಿ. ಆರು ತಿಂಗಳಾದಮೇಲೆ, ‘ಅಜ್ಜಿ, ಚಪ್ಪಲಿ ಕಾಲಿಂದ ಜಾರಿ ಬಿದ್ದರೂ ಗೊತ್ತಾಗಲ್ಲ’ ಎಂದೆ. ನಡೆಯುವಾಗ ನೆಲ ನೋಡಿ ನಡಿ ಎಂದು ನಾನು ಗದರಿಸಿದೆ. ಮೆಟ್ಟಿಲಲ್ಲಿ ಬೀಳುವವರೆಗೂ ಗದರಿಸುತ್ತಲೇ ಇದ್ದೆ.

ನಿನಗಾಗ ಹದಿನಾರು ಎಂಬುದನ್ನು ಈಗ ಕಂಪನಿಯವರೂ ಒಪ್ಪುತ್ತಾರೆ. ವಕೀಲಮ್ಮ ನೀನು ಹುಟ್ಟಿದ ಆಸ್ಪತ್ರೆಯ ದಾಖಲೆ ಹುಡುಕಿ ತೆಗೆದಿದ್ದಾಳೆ. ಆದರೆ ಅವರು, ನಮಗದು ಗೊತ್ತಿರಲಿಲ್ಲ, ಶಾಲೆಯ ಪತ್ರದಲ್ಲಿ ಹದಿನೆಂಟು ಎಂದಿತ್ತು, ಸಹಿ ಹಾಕಿದ ಮುಖ್ಯೋಪಾಧ್ಯಾಯಿನಿ ಹುಡುಗಿಯ ಸ್ವಂತ ಅಜ್ಜಿ, ಮೋಸಹೋದವರು ನಾವೇ ಎನ್ನುತ್ತಾರೆ. ಆ ಪತ್ರ ನೋಡಿ ನೀನು, ‘ಎರಡು ವರ್ಷ ನಿದ್ದೆ ಮಾಡಿಬಿಟ್ನಾ ಅಜ್ಜಿ ನಾನು?’ ಎಂದು ನಕ್ಕಿದ್ದು ನೆನಪಿದೆ. ನಾನು ಹೇಳಿದ್ದೂ ನೆನಪಿರಬೇಕು. ನಿನ್ನನ್ನು ಶಾಲೆಗೆ ಸೇರಿಸಿದ ದಿನ ಅರವತ್ತು ಮಕ್ಕಳ ಗದ್ದಲದಲ್ಲಿ ಮೇಲಿನ ಸಾಲಿನ ಮಗು ಹುಟ್ಟಿದ ವರ್ಷವನ್ನೇ ನಿನಗೂ ಬರೆದುಬಿಟ್ಟೆ, ಕೈತಪ್ಪು ಎಂದೆ. ವಕೀಲಮ್ಮನಿಗೂ ಹಾಗೇ ಹೇಳಿದೆ. ಅವಳು ಶಾಲೆಯ ರಿಜಿಸ್ಟರಿನ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದಳು. ‘ಕೈತಪ್ಪು ಅಂದ್ರೆ ಅವರು ಬಚಾವ್, ಅಜ್ಜಿ. ನಿಜವಾಗ್ಲೂ ಕೈತಪ್ಪೇನಾ?’ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ನಾಲ್ಕು ವರ್ಷ ಪಾಠ ಹೇಳಿದವಳಿಗೆ ಇವಳು ಪಾಠ ಹೇಳುವುದೇ? ಕಾಫಿಯನ್ನೂ ಕೊಡದೆ ಕಳಿಸಿದೆ. ಸೋಮವಾರ ಹನ್ನೊಂದು ಗಂಟೆಗೆ ಅವಳ ಕಚೇರಿಯಲ್ಲಿ ಪರದೆಯ ಮುಂದೆ ಕೂತು ನಾನು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಆಚೆ ದೇಶದ ನ್ಯಾಯಾಧೀಶರು ಅಲ್ಲಿಂದಲೇ ಕೇಳುತ್ತಾರಂತೆ.

ಸ್ವೆಟರ್ ಕಳಿಸಿದ್ದೇನೆ, ತೋಳು ಸ್ವಲ್ಪ ಉದ್ದವಾಗಿದೆ, ಮಡಚಿಕೋ. ಅಮ್ಮ ನಿನ್ನ ಕೆನ್ನೆಗೆ ಮುತ್ತು ಕೊಟ್ಟೆ ಎಂದು ಬರಿ ಅಂದಳು. ಪಕ್ಕದ ಹಾಸಿಗೆಗಳ ಆ ಹನ್ನೊಂದು ಹುಡುಗಿಯರಿಗೂ ನನ್ನ ಆಶೀರ್ವಾದ ತಿಳಿಸು. ದೇವರು ನಿನ್ನ ಕಾಲಿಗೆ ಶಕ್ತಿ ಕೊಡಲಿ.

ನಿನ್ನ,
ಅಜ್ಜಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಅಂಚೆ ಡಬ್ಬಿ ತೆಗೆಯುವವನು ಬರುವ ಹೊತ್ತು, ಅಕ್ಷರ ಹೇಗಿದ್ದರೂ ಓದಿಕೋ. ಕೈತಪ್ಪಲ್ಲ. ಸೇರಿಸಿದ ದಿನ ನಿನ್ನ ವರ್ಷವನ್ನು ಸರಿಯಾಗಿಯೇ ಬರೆದಿದ್ದೆ. ನೀನು ಗಣಿತದಲ್ಲಿ ಫೇಲಾದೆಯಲ್ಲ, ಆ ವಾರ ತಿದ್ದಿದೆ. ನನ್ನ ಮೊಮ್ಮಗಳೇ ನನ್ನ ವಿಷಯದಲ್ಲಿ ಫೇಲು ಎಂದು ಟೀಚರುಗಳ ಕೋಣೆಯಲ್ಲಿ ನಕ್ಕಿದ್ದರು. ನಾಚಿಕೆ, ಸಿಟ್ಟು. ಓದದವಳು ದುಡಿಯಲಿ ಎಂದುಕೊಂಡೆ. ಕಾರ್ಖಾನೆಗೆ ಆಳು ಹುಡುಕುವವನು ಮೇಜಿನೆದುರು ಕೂತು, ‘ಒಂದಂಕಿ ತಿದ್ದಿ ಟೀಚರಮ್ಮ, ಅವರು ಪೇಪರ್ ನೋಡ್ತಾರೆ, ಮುಖ ನೋಡಲ್ಲ’ ಎಂದು ತನ್ನ ಪೆನ್ನನ್ನೇ ಕೊಟ್ಟ. ಅವನ ಜೊತೆ ದೊಡ್ಡ ಕಂಪನಿಯ ತಪಾಸಣೆಯವನೂ ಇದ್ದ, ಕುತ್ತಿಗೆಯಲ್ಲಿ ಕಂಪನಿಯ ಹೆಸರಿನ ಚೀಟಿ ಹಾಕಿಕೊಂಡವನು. ನಾನು ತಿದ್ದುವುದನ್ನು ನಿಂತು ನೋಡಿದ. ಶಾಯಿ ಬೇಗ ಒಣಗಲಿ ಎಂದು ಬಗ್ಗಿ ಊದಿದ, ಆಮೇಲೆ ಫೋಟೋ ತೆಗೆದುಕೊಂಡ. ನಿನ್ನದಾದಮೇಲೆ ನಮ್ಮ ಶಾಲೆಯ ಆ ಹನ್ನೊಂದು ಹುಡುಗಿಯರದನ್ನೂ ತಿದ್ದಿದೆ. ಮೊಮ್ಮಗಳಿಗೆ ಮಾಡಿದ್ದನ್ನು ಬೇರೆಯವರ ಮಕ್ಕಳಿಗೆ ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಸೋಮವಾರ ಇದನ್ನೇ ಹೇಳುತ್ತೇನೆ. ಆಮೇಲೆ ಪೊಲೀಸರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ನಿನ್ನ ಅಮ್ಮನಿಗೆ ಇನ್ನೂ ಗೊತ್ತಿಲ್ಲ, ನಿನಗೇ ಮೊದಲು ಹೇಳುತ್ತಿದ್ದೇನೆ. ಪಕ್ಕದ ಹಾಸಿಗೆಯವರಿಗೆ ಈ ಕಾಗದ ಓದಿ ಹೇಳು. ನನ್ನ ಆಶೀರ್ವಾದ ಅವರಿಗೆ ಬೇಡವಾದರೆ ಬೇಡ.