ಹದಿನೇಳನೇ ಉಲ್ಲೇಖ

ಗೆಳತಿ,

ಗಣಿತ ಪತ್ರಿಕೆಯವರು ನನ್ನ ಲೇಖನವನ್ನು ಮೂರನೇ ಸಲ ವಾಪಸ್ ಕಳಿಸಿದ್ದಾರೆ. ಗಣಿತದಲ್ಲಿ ತಪ್ಪಿಲ್ಲವಂತೆ, ಕೊನೆಯ ಉಲ್ಲೇಖಗಳ ಪಟ್ಟಿ ಸರಿಯಿಲ್ಲವಂತೆ. ಮೊದಲ ಸಲ ಪುಸ್ತಕಗಳ ಹೆಸರು ಓರೆ ಅಕ್ಷರದಲ್ಲಿರಲಿಲ್ಲ. ಎರಡನೇ ಸಲ ಪುಟಸಂಖ್ಯೆಗಳ ನಡುವಿನ ಗೆರೆ ಗಿಡ್ಡವಾಗಿತ್ತು. ಇಡೀ ಭಾನುವಾರ ಗೆರೆ ಉದ್ದ ಮಾಡುತ್ತ ಕೂತಿದ್ದೆ ಕಣೇ. ಈ ಸಲ ಉಪಸಂಪಾದಕರ ಕಣ್ಣು ನಿನ್ನ ಮೇಲೆ ಬಿದ್ದಿದೆ. ಇವತ್ತು ಫೋನ್ ಮಾಡಿದ್ದರು.

“ಹದಿನೇಳನೇ ಉಲ್ಲೇಖಕ್ಕೆ ವರ್ಷ ಇಲ್ಲ, ಪುಟ ಇಲ್ಲ ಮೇಡಂ.”

“ಅದು ಅಚ್ಚಾಗಿಲ್ಲ ಸರ್. ನನ್ನ ಗೆಳತಿ ಕ್ಯಾಂಟೀನಲ್ಲಿ ಕೂತು ಹೇಳಿಕೊಟ್ಟಿದ್ದು.”

“ಹಾಗಾದ್ರೆ ಅವರ ಒಪ್ಪಿಗೆ ಪತ್ರ ಬೇಕು.”

“ಅವಳು ತೀರಿಕೊಂಡು ಎರಡು ವರ್ಷ ಆಯ್ತು.”

“ರೂಲ್ಸ್ ಇರೋದೇ ಹಾಗೆ. ಆ ಸಾಲು ತೆಗೆದುಬಿಡಿ, ನಾಳೇನೇ ಅಚ್ಚಿಗೆ ಕಳಿಸ್ತೀನಿ. ಯಾರು ಕೇಳ್ತಾರೆ?”

ನನಗೆ ತಲೆ ಚಿಟ್ಟು ಹಿಡಿಯಿತು. ತೆಗೆಯುವುದಿಲ್ಲ, ಬೇಕಾದರೆ ಲೇಖನವನ್ನೇ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

“ಒಂದು ಸಾಲಿಗೆ ಇಷ್ಟು ಹಠ ಯಾಕೆ ಮೇಡಂ?”

“ಅವಳು ಬದುಕಿದ್ದಾಗ ನಿಮ್ಮ ಪತ್ರಿಕೆಗೇ ಇನ್ನೊಂದು ಲೇಖನ ಬರೆದಿದ್ದೆ. ಆಗ ಅವಳ ಹೆಸರು ತೆಗೆದಿದ್ದೆ ಸರ್.”

ಅವರು ಸಂಪಾದಕರನ್ನು ಕೇಳಿ ನೋಡುತ್ತೇನೆ ಎಂದರು. ನೀನು ನನ್ನೊಡನೆ ಮಾತು ಬಿಟ್ಟಿದ್ದು ಅದಕ್ಕೇ ಎಂದು ಮಾತ್ರ ನಾನು ಹೇಳಲಿಲ್ಲ.