ಅಣಬೆಗೆ ಗುಡುಗು ಬೇಕಿಲ್ಲ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಮಗಳೇ,

ಸೂರ್ಯನನ್ನೇ ಎಬ್ಬಿಸುವ ಮೊದಲ ಬಸ್ಸಿನ ಡ್ಯೂಟಿ ನನ್ನದು, ಹೊರಟೆ. ಊಟದ ಡಬ್ಬಿ ಒಲೆಯ ಪಕ್ಕದಲ್ಲಿದೆ. ರಾತ್ರಿ ಉಣ್ಣದೆ ಮಲಗಿದ್ದೀಯ, ಹಾಲನ್ನಾದರೂ ಕುಡಿದು ಹೋಗು.

ನಿನ್ನೆ ಕ್ಲಾಸಿನವರೆಲ್ಲ ನೋಡಲು ಹೋದ ಅಣಬೆ ತೋಟದಲ್ಲಿ ಆದದ್ದನ್ನು ನಿಮ್ಮ ಟೀಚರ್ ಫೋನಿನಲ್ಲಿ ಹೇಳಿದರು. "ಗುಡುಗು ಎಲ್ಲಿಂದ ತರಿಸ್ತೀರಾ?" ಎಂದು ನೀನು ತೋಟದವರನ್ನು ಕೇಳಿದೆಯಂತೆ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತಂತೆ. ಗುಡುಗದೆ ಅಣಬೆ ಏಳುವುದಿಲ್ಲ ಎಂದು ನಿನ್ನ ತಲೆಗೆ ತುಂಬಿದವನು ನಾನು. ಚಿಕ್ಕವನಿದ್ದಾಗ ಕೊಡೆಯಷ್ಟು ದೊಡ್ಡ ಅಣಬೆಯಡಿ ನಿಂತು ಮಳೆ ಕಳೆದೆ ಎಂದಿದ್ದೆನಲ್ಲ? ಅದು ತಟ್ಟೆಯಷ್ಟಿತ್ತು. ಸರಿಯಮ್ಮ, ಲೋಟದ ಬಾಯಿಯಷ್ಟು. ನೆನೆದು ತೊಪ್ಪೆಯಾಗಿ ಮನೆಗೆ ಬಂದಿದ್ದೆ.

ತೋಟದವರು ಕೊಟ್ಟ ಅಣಬೆ ಬೆಳೆಯುವ ಚೀಲವನ್ನು ಕಸದ ಬುಟ್ಟಿಯಿಂದ ಎತ್ತಿ ಸಿಂಕಿನ ಕೆಳಗಿಟ್ಟಿದ್ದೇನೆ. ನೀರು ಚಿಮುಕಿಸು. ಅದರ ತಪ್ಪೇನಿದೆ, ಪಾಪ.

ಅವರು ನಗುತ್ತಿದ್ದಾಗ "ನಮ್ಮಪ್ಪ ಸುಳ್ಳು ಹೇಳಲ್ಲ!" ಎಂದು ಕೂಗಿದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಟೀಚರನ್ನು ಕೇಳಿಕೊಂಡಿದ್ದೇನೆ, ಮಧ್ಯಾಹ್ನ ಬಸ್ಸಿನಿಂದ ಇಳಿದವನೇ ನಿಮ್ಮ ಕ್ಲಾಸಿಗೆ ಬಂದು, ಸುಳ್ಳು ನನ್ನದು ಎಂದು ಎಲ್ಲರೆದುರು ಹೇಳುತ್ತೇನೆ. ನಗುವವರು ನನ್ನನ್ನು ನೋಡಿ ನಗಲಿ. ನೀನು ಬೇಕಾದರೆ ನನ್ನ ಗುರುತೇ ಇಲ್ಲದವಳ ಹಾಗೆ ಕೂತಿರು.

ಅಪ್ಪ