ನಿಮ್ಮ ಬೆನ್ನಿನ ಅಳತೆಯ ಚೀಲ

ದೇವಸ್ಥಾನದ ಊರು,
ರೈಲು ನಿಲ್ದಾಣ, ಎರಡನೇ ಪ್ಲಾಟ್‌ಫಾರಂನ ಬೆಂಚು,
ಹದಿನೆಂಟನೇ ತಾರೀಖು, ಬುಧವಾರ ಬೆಳಿಗ್ಗೆ

ನನ್ನ ಯಜಮಾನರಿಗೆ, ಹೇಳದೆ ಹೊರಟುಬಂದ ಹೆಂಡತಿಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತಾ ಕೂತಿದ್ದೀರೋ? ಅಣೆಕಟ್ಟಿನ ಉಗ್ರಾಣದಲ್ಲಿ ಯಾವ ನಟ್ಟು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತೀರಿ, ನಿಮ್ಮದೇ ಮಾತ್ರೆ ಎಲ್ಲಿದೆ ಎಂದು ಮಾತ್ರ ಗೊತ್ತಿರುವುದಿಲ್ಲ. ಟ್ರಂಕಿನೊಳಗಿನ ನೀಲಿ ಡಬ್ಬಿಯಲ್ಲಿದೆ, ನೋಡಿ.

ನಾನು ಕ್ಷೇಮ. ಬರೀ ಕ್ಷೇಮವಲ್ಲ, ತುಂಬಾ ಚೆನ್ನಾಗಿದ್ದೇನೆ. ಇದನ್ನು ಓದಿ ನೀವು ಮುಖ ಊದಿಸಿಕೊಳ್ಳುತ್ತೀರಿ ಅಂತ ಗೊತ್ತು. ಊದಿಸಿಕೊಳ್ಳಿ. ಹೋದ ಪತ್ರದಲ್ಲಿ ನೀವು ಬರೆದದ್ದೇನು? ಕ್ವಾರ್ಟರ್ಸ್ ಸಿಕ್ಕಿದೆ, ಅಂಗಡಿ ಖಾಲಿ ಮಾಡು, ಮಿಷನ್ ಮಾರಿಬಿಡು, ಹೊಲಿದದ್ದು ಸಾಕು, ಇಲ್ಲಿ ಬಂದು ಆರಾಮಾಗಿರು. ಬರ್ತೀಯಾ ಅಂತ ಒಂದು ಮಾತು ಕೇಳಲಿಲ್ಲ. ಉತ್ತರ ಬರೆಯಲು ಕೂತು ಮೂರು ದಿನ ಪೆನ್ನು ಕಚ್ಚಿದೆ. ನಾಲ್ಕನೇ ದಿನ ಅಂಗಡಿ ಬಾಗಿಲಿಗೆ 'ಮೂರು ದಿನ ರಜೆ' ಎಂದು ಚೀಟಿ ಅಂಟಿಸಿ, ಹನ್ನೊಂದು ವರ್ಷದಿಂದ ನೀವು 'ಮುಂದಿನ ರಜೆಗೆ ಹೋಗೋಣ ಕಣೇ' ಎನ್ನುತ್ತಲೇ ಇರುವ ಈ ಊರಿಗೆ ಟಿಕೆಟ್ ತೆಗೆಸಿದೆ. ನಿಮ್ಮ ತಂಗಿ ಬೀದಿಗೆಲ್ಲ ಕೇಳುವ ಹಾಗೆ, 'ಅತ್ತಿಗೆ, ಬೆನ್ನಿಗೆ ಚೀಲ ಹಾಕ್ಕೊಂಡು ಊರೂರು ಅಲೆಯೋ ವಯಸ್ಸಾ ಇದು?' ಅಂದಳು. ನಲವತ್ತೊಂಬತ್ತಕ್ಕೆ ಮೂಲೆಯಲ್ಲಿ ಕೂರಬೇಕೆಂದು ಯಾರು ಕಾನೂನು ಮಾಡಿದರೋ ಗೊತ್ತಿಲ್ಲ. ನಾನಂತೂ ಸಹಿ ಹಾಕಿಲ್ಲ. 'ನಿನಗೆ ತಮಿಳು ಬರಲ್ಲ, ಮೇಲಿನ ಬರ್ತ್ ಹತ್ತೋಕಾಗಲ್ಲ' ಎಂದು ಹಿಂದೆ ನೀವೂ ಹೇಳಿದ್ದಿರಲ್ಲ, ಹತ್ತಿದೆ. ಇಳಿಯುವಾಗ ಮಾತ್ರ ಕೆಳಗೆ ಮಲಗಿದ್ದ ಪೊಲೀಸಪ್ಪನ ಹೊಟ್ಟೆಯ ಮೇಲೆ ಕಾಲಿಟ್ಟೆ. ಪಾಪ, ನಿದ್ದೆಗಣ್ಣಲ್ಲೇ ಎದ್ದು ಸಲ್ಯೂಟ್ ಹೊಡೆದ.

ಚೀಲ ನಾನೇ ಹೊಲಿದದ್ದು. ಯಾರೋ ರಿಪೇರಿಗೆ ಕೊಟ್ಟು ವಾಪಸು ಒಯ್ಯದ ಡೇರೆ ಬಟ್ಟೆಯಲ್ಲಿ. ಒಳಗೆ ಎರಡು ಜೇಬು, ಹೊರಗೊಂದು ಜಿಪ್ಪು, ಎಲ್ಲ ಸೊಗಸಾಗಿತ್ತು. ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದ ಮೇಲೆ ತಿಳಿಯಿತು, ಅದು ಸೊಂಟದ ಕೆಳಗೆ ಜೋತಾಡಿ ಹೆಜ್ಜೆಹೆಜ್ಜೆಗೂ ಒದೆಯುತ್ತಿತ್ತು. ತಲೆ ಚಚ್ಚಿಕೊಂಡೆ. ಇಪ್ಪತ್ತನಾಲ್ಕು ವರ್ಷ ಟೇಪು ಹಿಡಿಯದೆ ನಿಮ್ಮ ಅಂಗಿ ಕತ್ತರಿಸಿದ ಕೈ, ಬೆನ್ನು ಅಂದ ಕೂಡಲೇ ನಿಮ್ಮ ಬೆನ್ನಿಗೇ ಅಳತೆ ಹಾಕಿಬಿಟ್ಟಿದೆ! ಬೇರೆಯವರ ಮೈ ಅಳೆದೂ ಅಳೆದೂ ನನ್ನ ಅಳತೆ ನನಗೇ ಮರೆತುಹೋಗಿತ್ತು ನೋಡಿ.

ನಿನ್ನೆ ಬೆಳಿಗ್ಗೆ ಇಲ್ಲಿ ಇಳಿದವಳು ಮೊದಲು ಗೋಪುರ ನೋಡಿದೆ, ಕತ್ತು ನೋಯುವ ತನಕ ನೋಡಿದೆ. ಅಷ್ಟೂ ಗೊಂಬೆಗಳ ಬಟ್ಟೆಯ ನೆರಿಗೆ ಒಂದರಂತೆ ಒಂದಿಲ್ಲ. ಒಳಗೆ ಹೋಗಿ ನಿಮ್ಮ ಮಂಡಿಗೂ ಸೇರಿಸಿ ಕೈಮುಗಿದೆ. ಹೊರಗೆ ಬಂದರೆ ಎದುರಿಗೇ ದೊಡ್ಡ ಕಲ್ಲಿನ ಮಂಟಪ, ಸಾಲು ಸಾಲು ಕಂಬ, ಕಂಬ ಕಂಬದ ನಡುವೆ ದರ್ಜಿಗಳು! ಒಂದೊಂದು ಕಂಬಕ್ಕೆ ಒಂದೊಂದು ಮಿಷನ್. ಆ ಸದ್ದು ಕೇಳಿ ತವರಿಗೆ ಬಂದಷ್ಟು ಖುಷಿಯಾಯಿತು. ಬಿಳಿಮೀಸೆಯ ದರ್ಜಿಯೊಬ್ಬನ ಮುಂದೆ ಚೀಲ ಇಟ್ಟು ಉದ್ದವಾದ ಹೆಗಲ ಪಟ್ಟಿ ತೋರಿಸಿದೆ. ಅವನು ಬಿಚ್ಚಲು ಹೋದ. ನಾನೇ ಹೊಲಿಯುತ್ತೇನೆ ಎಂದು ಸನ್ನೆ ಮಾಡಿದೆ. ಸುತ್ತಲಿನ ಮಿಷನ್ನುಗಳೆಲ್ಲ ಒಮ್ಮೆಗೇ ನಿಂತವು.

ನಿಮಗೆ ಗೊತ್ತಲ್ಲ, ನಮ್ಮ ಕಸುಬಿನಲ್ಲಿ ಒಬ್ಬರ ಮಿಷನ್ನನ್ನು ಇನ್ನೊಬ್ಬರು ತುಳಿಯುವಂತಿಲ್ಲ. ತುಳಿತ ಬದಲಾದರೆ ಮಿಷನ್ ಮುನಿಸಿಕೊಂಡು ದಾರ ಕಡಿಯಲು ಶುರುಮಾಡುತ್ತದೆ. ನಿಮ್ಮ ತಂಗಿಗೇ ನಾನು ಮುಟ್ಟಲು ಬಿಟ್ಟವಳಲ್ಲ. ಕೇಳಿದ್ದೇ ತಪ್ಪಾಯಿತು ಎಂದುಕೊಂಡೆ. ಆ ಮನುಷ್ಯ ನನ್ನ ಮುಖ ನೋಡಿದ, ಆಮೇಲೆ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ನನ್ನ ಬೆರಳು ನೋಡಿದ. ಸ್ಟೂಲು ಬಿಟ್ಟು ಎದ್ದು ನಿಂತ.

ಕೂತೆ. ಅಳು ಬಂತು ರೀ. ಗುರುತು ಪರಿಚಯವಿಲ್ಲದವನು ನನ್ನ ಬೆರಳು ನೋಡಿ ತನ್ನ ಮಿಷನ್ ಬಿಟ್ಟುಕೊಟ್ಟ. ಇಷ್ಟು ವರ್ಷ ಆ ಬೆರಳು ಬಡಿಸಿದ್ದನ್ನೇ ಉಂಡವರು ನೀವು, ಮಾರಿಬಿಡು ಅಂದಿರಿ. ಕಣ್ಣೊರೆಸಿಕೊಂಡು ಟೇಪು ತೆಗೆದು ನನ್ನ ಬೆನ್ನು ನಾನೇ ಅಳೆದೆ. ಪಟ್ಟಿ ಗಿಡ್ಡ ಮಾಡಿ ಎರಡೆರಡು ಹೊಲಿಗೆ ಹಾಕಿದೆ. ಮಿಷನ್ ಒಂದು ದಾರವನ್ನೂ ಕಡಿಯಲಿಲ್ಲ. ಮಧ್ಯಾಹ್ನದವರೆಗೆ ಅಲ್ಲೇ ಕೂತು ಅವನ ರಾಶಿಯಲ್ಲಿದ್ದ ಮೂರು ರವಿಕೆಗಳಿಗೆ ಅಂಚು ಮಡಿಸಿಕೊಟ್ಟೆ, ಅವನು ಕಾಫಿ ತರಿಸಿಕೊಟ್ಟ. ನಿನ್ನ ಅಂಗಡಿ ಎಲ್ಲಿ ಎಂದು ಕೈಯಲ್ಲೇ ಕೇಳಿದ. ಚಿಂದಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದೆ: ಬಸ್ ನಿಲ್ದಾಣ, ಔಷಧಿ ಅಂಗಡಿ, ಅದರ ಪಕ್ಕ ಮೂರು ಮೆಟ್ಟಿಲು, ಒಳಗೆ ಕಿಟಕಿಗೆ ಮುಖ ಮಾಡಿದ ನನ್ನ ಮಿಷನ್. ಬರೆಯುತ್ತಾ ಬರೆಯುತ್ತಾ ನಿಮ್ಮ ಪತ್ರಕ್ಕೆ ಉತ್ತರ ಏನೆಂದು ನನಗೆ ಗೊತ್ತಾಗಿಹೋಯಿತು.

ನಿಮ್ಮ ಮೇಲೆ ಪ್ರೀತಿ ಇಲ್ಲವೆಂದು ತಿಳಿಯಬೇಡಿ. ಬೇಕಾದಷ್ಟಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಉಣ್ಣದೆ ಮಲಗಬೇಡಿ. ಉಗ್ರಾಣದ ಕಾವಲುಗಾರರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮನ್ನು ದೇವರು ಚೆನ್ನಾಗಿಟ್ಟಿರಲಿ, ನಿಮ್ಮ ಹಟವನ್ನು ಸ್ವಲ್ಪ ಕಡಿಮೆ ಮಾಡಲಿ.

ಇಂತಿ,
ನಿಮ್ಮ ಮನೆಯವಳು,
ನನ್ನ ಅಂಗಡಿಯ ಯಜಮಾನಿ

ಮರೆತಿದ್ದೆ: ರೈಲು ಬರುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಇಪ್ಪತ್ತೈದಕ್ಕೆ ಸಾಮಾನು ಸಾಗಿಸಲು ಲಾರಿ ಕಳಿಸುತ್ತೇನೆ ಅಂದಿದ್ದಿರಿ. ಕಳಿಸಬೇಡಿ. ಲಾರಿಯವನ ಹತ್ತಿರ ಮಾತಾಡಿ ಆಗಿದೆ, ಈಗ ಬೇಡ ಅನ್ನೋಕಾಗಲ್ಲ ಅಂತೀರಾದರೆ, ನಿಮ್ಮ ಟ್ರಂಕು ಹಾಸಿಗೆ ಅದಕ್ಕೆ ಹೇರಿಸಿ ಡ್ರೈವರ್ ಪಕ್ಕ ನೀವೇ ಕೂತು ಬನ್ನಿ. ಮನೆಯಲ್ಲಿ ನಿಮಗೆ ಜಾಗ ಯಾವಾಗಲೂ ಇದೆ. ಮಿಷನ್ ಮಾತ್ರ ಇದ್ದಲ್ಲಿಂದ ಕದಲುವುದಿಲ್ಲ.